ಬಿಸಿಯಾದಾಗ ‘ಟಕ್’ ಎಂದು ಸುಮ್ಮನಾಗುವ ಸೆಲ್ಫ್: ಹಳೆಯ ಜೀಪಿನ ದೋಷ ಹಿಡಿಯುವುದು ಹೇಗೆ?

ಪ್ರಶ್ನೆ: ನಾನು ಹೊಳಲ್ಕೆರೆ ತಾಲ್ಲೂಕಿನ ಅಡಿಕೆ ಬೆಳೆಗಾರ. 1994ರ ಮಹೀಂದ್ರ ಎಂಎಂ 540 ಫೋರ್ ವೀಲ್ ಡ್ರೈವ್ ಡೀಸೆಲ್ ಜೀಪನ್ನು ತೋಟದ ಕೆಲಸಕ್ಕೂ ಭೀಮಸಮುದ್ರದ ಮಂಡಿಗೆ ಅಡಿಕೆ ಚೀಲ ಸಾಗಿಸುವುದಕ್ಕೂ ಇಟ್ಟುಕೊಂಡಿದ್ದೇನೆ. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುವ ಗಾಡಿ, ಬಿಸಿಲಿನಲ್ಲಿ ಓಡಿಸಿ ಮಂಡಿಯ ಮುಂದೆ ಕಾಲು ಗಂಟೆ ನಿಲ್ಲಿಸಿದರೆ ಕೆಲವು ಸಲ ಕೀಲಿ ತಿರುಗಿಸಿದಾಗ ‘ಟಕ್’ ಎಂದು ಸುಮ್ಮನಾಗುತ್ತದೆ. ಹೆಡ್‌ಲೈಟ್ ಮಂಕಾಗುವುದಿಲ್ಲ, ಹಾರ್ನ್ ಜೋರಾಗಿಯೇ ಇರುತ್ತದೆ. ಅಪರೂಪಕ್ಕೆ ‘ಟಕ್’ ಶಬ್ದವೂ ಬರುವುದಿಲ್ಲ. ಸ್ಪ್ಯಾನರ್‌ನಿಂದ ಸೆಲ್ಫ್ ಮೋಟರಿಗೆ (ಎಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಮೋಟರ್) ಎರಡೇಟು ಹಾಕಿದರೆ ಇಲ್ಲವೇ ಅರ್ಧ ಗಂಟೆ ಕಾದರೆ ಹೊಡೆಯುತ್ತದೆ. ವರ್ಕ್‌ಶಾಪಿಗೆ ಒಯ್ದಾಗ ಒಮ್ಮೆಯೂ ಕೈಕೊಟ್ಟಿಲ್ಲ. ಹೊಸ ಬ್ಯಾಟರಿ ಹಾಕಿಸಿದೆ. ಸೆಲ್ಫ್ ಬಿಚ್ಚಿಸಿ ಕಾರ್ಬನ್ ಬ್ರಷ್ ಬದಲಿಸಿದೆ, ಟೇಬಲ್ ಮೇಲೆ ಚೆನ್ನಾಗಿಯೇ ತಿರುಗಿತು. ಸ್ವಲ್ಪ ದಿನದ ಬಳಿಕ ಮತ್ತೆ ಅದೇ ಕಥೆ. ಒಬ್ಬ ಮೆಕ್ಯಾನಿಕ್ ಫ್ಲೈವೀಲ್ ರಿಂಗ್ (ಸೆಲ್ಫ್ ಹಿಡಿದು ತಿರುಗಿಸುವ, ಎಂಜಿನ್ನಿನ ಹಲ್ಲಿನ ಬಳೆ) ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು ಎನ್ನುತ್ತಾರೆ. ಇನ್ನೊಬ್ಬರು ಹೊಸ ಮಾದರಿಯ ಸೆಲ್ಫ್ ಹಾಕಿಸಿ ಎನ್ನುತ್ತಾರೆ. ನೆರೆಯವರು ಟ್ರ್ಯಾಕ್ಟರ್ ಬ್ಯಾಟರಿ ಹಾಕಿಬಿಡಿ ಎನ್ನುತ್ತಾರೆ. ಫೋರ್ ವೀಲ್ ಲಿವರ್ ಹಾಕಿಟ್ಟು ನಿಲ್ಲಿಸುವುದರಿಂದ ಸೆಲ್ಫ್‌ಗೆ ಭಾರ ಬೀಳುತ್ತದೆಯೇ? ಹೋದ ವರ್ಷ ಟಿಂಕರಿಂಗ್ ಮಾಡಿಸಿ ಚಾಸಿಗೆ (ಗಾಡಿಯ ಉಕ್ಕಿನ ಚೌಕಟ್ಟಿಗೆ) ಬಣ್ಣ ಹೊಡೆಸುವವರೆಗೆ ಈ ಕಾಟ ಇರಲಿಲ್ಲ. ಅಂದ ಹಾಗೆ, ಎಂಜಿನ್ ನಿಲ್ಲಿಸುವ ಸ್ಟಾಪ್ ಕೇಬಲ್‌ನ ಪ್ಲಾಸ್ಟಿಕ್ ಹೊದಿಕೆ ಒಂದೆರಡು ಕಡೆ ಕರಗಿದಂತಿದೆ. ಅದನ್ನೂ ಬದಲಿಸಬೇಕೇ?

ಉತ್ತರ: ನೀವು ‘ಅಂದ ಹಾಗೆ’ ಎಂದು ಕೊನೆಯಲ್ಲಿ ಬರೆದ ಸ್ಟಾಪ್ ಕೇಬಲ್‌ನ ಮಾತು ಮತ್ತು ಅದರ ಹಿಂದಿನ ಬಣ್ಣದ ಮಾತು, ಇವೆರಡೂ ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡವು. ಅವು ಏಕೆ ಮುಖ್ಯ ಎಂಬುದಕ್ಕೆ ಮುಂದೆ ಬರುತ್ತೇನೆ. ಮೊದಲು ನಿಮ್ಮ ಆತಂಕವನ್ನು ನಾನು ಅರ್ಥ ಮಾಡಿಕೊಂಡ ರೀತಿ ಹೀಗಿದೆ: ಒಂದಾದ ಮೇಲೊಂದು ಭಾಗ ಬದಲಿಸುತ್ತಾ ದುಡ್ಡು ಹೋಗುತ್ತಿದೆ, ಪ್ರತಿಯೊಬ್ಬರೂ ಒಂದೊಂದು ಹೇಳುತ್ತಿದ್ದಾರೆ, ತೋರಿಸಲು ಹೋದರೆ ಗಾಡಿ ಸರಿಯಾಗಿರುತ್ತದೆ, ಈಗ ಗೇರ್‌ಬಾಕ್ಸ್ ಇಳಿಸುವ ದೊಡ್ಡ ಖರ್ಚಿಗೆ ಕೈ ಹಾಕಬೇಕೋ ಬೇಡವೋ ಎಂಬುದು ತಿಳಿಯುತ್ತಿಲ್ಲ. ಸದ್ಯಕ್ಕೆ ಗೇರ್‌ಬಾಕ್ಸ್ ಇಳಿಸಬೇಡಿ. ನೀವು ಹೇಳಿದ ಲಕ್ಷಣಗಳಲ್ಲಿ ರಿಂಗ್ ಕಡೆ ಬೆರಳು ತೋರಿಸುವುದು ಒಂದೂ ಇಲ್ಲ.

ದಾವಣಗೆರೆಯಲ್ಲಿ ಆಟೊ ಎಲೆಕ್ಟ್ರಿಕಲ್ ಕೆಲಸ ಮಾಡುವ ನಮ್ಮಂಥವರ ಬಳಿಗೆ ಬರುವ ಹಳೆಯ ಜೀಪುಗಳಲ್ಲಿ ಇಂಥ ‘ಬಂದು ಹೋಗುವ’ ದೋಷಗಳೇ ಹೆಚ್ಚು ತಲೆನೋವು. ಪೂರ್ತಿ ಕೆಟ್ಟ ಸೆಲ್ಫ್ ಅನ್ನು ಅರ್ಧ ದಿನದಲ್ಲಿ ಸರಿಪಡಿಸಬಹುದು. ಆಗಾಗ ಕೈಕೊಡುವ ಸೆಲ್ಫ್ ಬಿಚ್ಚಿ ಟೇಬಲ್ ಮೇಲೆ ಇಟ್ಟ ಕೂಡಲೇ ಒಳ್ಳೆಯ ಹುಡುಗನಂತೆ ತಿರುಗುತ್ತದೆ. ಇದಕ್ಕೆ ಕಾರಣವಿದೆ. ಟೇಬಲ್ ಮೇಲೆ ಅದಕ್ಕೆ ಎಂಜಿನ್ನಿನ ಭಾರವಿಲ್ಲ, ಆದ್ದರಿಂದ ಅದು ಎಳೆಯುವ ಕರೆಂಟ್ ಅಲ್ಪ. ವೈಸ್‌ಗೆ ಬಿಗಿದು ದಪ್ಪ ಜಂಪರ್ ಕೇಬಲ್‌ನಿಂದ ಅರ್ಥ್ (ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ವಾಪಸಾಗುವ ದಾರಿ) ಕೊಟ್ಟಿರುತ್ತೇವೆ, ಆದ್ದರಿಂದ ನಿಮ್ಮ ಗಾಡಿಯ ಸ್ವಂತ ಅರ್ಥ್ ವೈರು ಪರೀಕ್ಷೆಯಲ್ಲೇ ಇರುವುದಿಲ್ಲ. ಮೋಟರ್ ತಣ್ಣಗೂ ಆಗಿರುತ್ತದೆ. ಅಂದರೆ ದೋಷ ಹುಟ್ಟುವ ಮೂರು ಸಂದರ್ಭಗಳನ್ನೂ ತೆಗೆದುಹಾಕಿ ಪರೀಕ್ಷೆ ಮಾಡಿದಂತಾಯಿತು. ಆಗಾಗ ಬರುವ ದೋಷವನ್ನು ಅದು ಬಂದ ಗಳಿಗೆಯಲ್ಲಿ, ಗಾಡಿಯ ಮೇಲೆಯೇ, ಮೀಟರ್ ಹಿಡಿದು ಅಳೆಯಬೇಕು. ನನ್ನ ಉತ್ತರದ ಬಹುಪಾಲು ಇದನ್ನು ಮಾಡುವುದು ಹೇಗೆ ಎಂಬುದರ ಬಗ್ಗೆಯೇ ಇದೆ.

ಕೀಲಿ ತಿರುಗಿಸಿದಾಗ ನಡೆಯುವುದನ್ನು ಒಮ್ಮೆ ನೋಡೋಣ. ಇಗ್ನಿಷನ್ ಸ್ವಿಚ್‌ನಿಂದ ಒಂದು ಸಣ್ಣ ವೈರು ಸೆಲ್ಫ್ ಮೋಟರಿನ ಮೇಲೆ ಕೂತಿರುವ ಸೊಲೆನಾಯ್ಡ್‌ಗೆ ಹೋಗುತ್ತದೆ. ಸೊಲೆನಾಯ್ಡ್‌ನೊಳಗೆ ಎರಡು ಕಾಯಿಲ್‌ಗಳಿವೆ: ಒಂದು ಒಳಗಿನ ಕಬ್ಬಿಣದ ಪ್ಲಂಜರನ್ನು ಬಲವಾಗಿ ಸೆಳೆಯುವಂಥದ್ದು, ಇನ್ನೊಂದು ಸೆಳೆದದ್ದನ್ನು ಹಿಡಿದುಕೊಳ್ಳುವಂಥದ್ದು. ಪ್ಲಂಜರ್ ಒಳಸರಿದಾಗ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಒಂದು ತುದಿಯಲ್ಲಿ ಲಿವರ್ ಮೂಲಕ ಬೆಂಡಿಕ್ಸ್ ಎಂಬ ಸಣ್ಣ ಹಲ್ಲುಚಕ್ರ ಮುಂದೆ ಸರಿದು ಫ್ಲೈವೀಲ್ ರಿಂಗಿನ ಹಲ್ಲಿಗೆ ಕೂರುತ್ತದೆ. ಇನ್ನೊಂದು ತುದಿಯಲ್ಲಿ ತಾಮ್ರದ ಬಿಲ್ಲೆಯೊಂದು ಎರಡು ದಪ್ಪ ಬೋಲ್ಟ್‌ಗಳನ್ನು ಜೋಡಿಸಿ ಬ್ಯಾಟರಿಯ ಪೂರ್ಣ ಕರೆಂಟನ್ನು ಮೋಟರಿಗೆ ಬಿಡುತ್ತದೆ. ನಿಮಗೆ ಕೇಳುವ ‘ಟಕ್’ ಈ ಪ್ಲಂಜರ್ ಬಡಿದ ಸದ್ದು. ಆದ್ದರಿಂದ ‘ಟಕ್’ ಎಂದೂ ಮೋಟರ್ ತಿರುಗದಿದ್ದರೆ ದೋಷ ಇರುವುದು ದಪ್ಪ ಕೇಬಲ್‌ಗಳ ದಾರಿಯಲ್ಲಿ, ಸೊಲೆನಾಯ್ಡ್‌ನ ತಾಮ್ರದ ಕಾಂಟ್ಯಾಕ್ಟ್‌ನಲ್ಲಿ ಅಥವಾ ಮೋಟರಿನೊಳಗೆ. ಸದ್ದೇ ಬಾರದಿದ್ದರೆ ಸಾಮಾನ್ಯವಾಗಿ ಸಣ್ಣ ವೈರಿನ ದಾರಿಯನ್ನು ಸಂಶಯಿಸಬೇಕು. ಆದರೆ ಇಲ್ಲೊಂದು ಸೂಕ್ಷ್ಮವಿದೆ, ಅದು ಅನುಭವಿಗಳಿಗೂ ಕೈತಪ್ಪುತ್ತದೆ. ಸೆಳೆಯುವ ಕಾಯಿಲ್‌ಗೆ ಅರ್ಥ್ ಸಿಗುವುದು ಮೋಟರಿನ ಕಾರ್ಬನ್ ಬ್ರಷ್‌ಗಳ ಮೂಲಕ. ಬ್ರಷ್ ಸವೆದಿದ್ದರೆ ಅಥವಾ ಹೋಲ್ಡರ್‌ನಲ್ಲಿ ಸಿಕ್ಕಿಕೊಂಡು ಮೋಟರಿನ ತಿರುಗುವ ಭಾಗವಾದ ಆರ್ಮೇಚರಿಗೆ ತಾಗದಿದ್ದರೆ ಆ ಕಾಯಿಲ್ ಕೆಲಸ ಮಾಡುವುದಿಲ್ಲ, ಹಿಡಿದುಕೊಳ್ಳುವ ಕಾಯಿಲ್ ಒಂದಕ್ಕೇ ಪ್ಲಂಜರ್ ಎಳೆಯುವ ಶಕ್ತಿ ಇರುವುದಿಲ್ಲ. ಆಗ ಸ್ವಿಚ್, ವೈರು ಎಲ್ಲ ಸರಿ ಇದ್ದರೂ ಸದ್ದು ಬರುವುದಿಲ್ಲ.

ಇನ್ನು ಹೆಡ್‌ಲೈಟ್, ಹಾರ್ನ್‌ಗಳ ಸಾಕ್ಷ್ಯ. ಲೈಟ್ ಪ್ರಖರವಾಗಿದ್ದರೆ ಬ್ಯಾಟರಿ, ಕೇಬಲ್ ಎಲ್ಲ ಸರಿ ಎಂಬುದು ಬಹಳ ಜನರ ನಂಬಿಕೆ, ಅದು ತಪ್ಪು. ಎರಡೂ ಹೆಡ್‌ಲೈಟ್ ಸೇರಿ ಎಳೆಯುವುದು ಸುಮಾರು 10 ಆಂಪಿಯರ್. ನಿಮ್ಮ ಜೀಪಿನ 2112 ಸಿಸಿ ಪ್ಯೂಜೊ ಡೀಸೆಲ್ ಎಂಜಿನ್ನಿನ ಕಂಪ್ರೆಷನ್ ಪೆಟ್ರೋಲ್ ಎಂಜಿನ್ನಿಗಿಂತ ಎರಡು ಪಟ್ಟಿಗೂ ಹೆಚ್ಚು. ಅದನ್ನು ತಿರುಗಿಸಲು ಸೆಲ್ಫ್‌ಗೆ ನೂರಾರು ಆಂಪಿಯರ್ ಬೇಕು. ದಾರಿಯಲ್ಲಿ ಎಲ್ಲೋ ಒಂದು ಜೋಡಣೆ ತುಕ್ಕು ಹಿಡಿದು ಓಮ್‌ನ ನೂರನೇ ಒಂದು ಭಾಗದಷ್ಟು ಅಡ್ಡಿ ಉಂಟಾಗಿದೆ ಎಂದುಕೊಳ್ಳಿ. 10 ಆಂಪಿಯರ್ ಹರಿಯುವಾಗ ಅಲ್ಲಿ ನಷ್ಟವಾಗುವುದು ಕೇವಲ 0.1 ವೋಲ್ಟ್, ಲೈಟಿಗೆ ಅದು ಗೊತ್ತೇ ಆಗುವುದಿಲ್ಲ. 200 ಆಂಪಿಯರ್ ಹರಿಯಬೇಕಾದಾಗ ಅದೇ ಜೋಡಣೆ 2 ವೋಲ್ಟ್ ನುಂಗುತ್ತದೆ. ಭದ್ರಾ ನಾಲೆಯ ಕೊನೆಭಾಗದ ರೈತರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ: ಕುಡಿಯಲು ನಾಲ್ಕು ಕೊಡ ನೀರು ಬರುವ ನಾಲೆಯಲ್ಲೇ ಗದ್ದೆಗೆ ಬೇಕಾದ ನೀರು ಬರುವುದಿಲ್ಲ, ಹೂಳು ಎಲ್ಲಿ ತುಂಬಿದೆ ಎಂಬುದು ಆಗಲೇ ಗೊತ್ತಾಗುವುದು.

ಆದರೆ ಲೈಟನ್ನು ಬೇರೊಂದು ರೀತಿಯಲ್ಲಿ ಸಾಕ್ಷಿಯಾಗಿ ಬಳಸಬಹುದು. ಹೆಡ್‌ಲೈಟ್ ಹಾಕಿಟ್ಟು ಕೀಲಿ ತಿರುಗಿಸಿದಾಗ ‘ಟಕ್’ ಸದ್ದಿನೊಡನೆ ಲೈಟ್ ತೀರಾ ಮಂಕಾದರೆ, ಮೋಟರಿಗೆ ಕರೆಂಟ್ ಹರಿಯುತ್ತಿದೆ ಆದರೆ ತಿರುಗಲು ಆಗುತ್ತಿಲ್ಲ ಎಂದರ್ಥ. ಬ್ಯಾಟರಿ ದುರ್ಬಲವಾಗಿರಬಹುದು, ಬುಷ್ (ಆರ್ಮೇಚರಿನ ತುದಿ ಕೂರುವ ಲೋಹದ ಬಳೆ) ಸವೆದು ಆರ್ಮೇಚರ್ ಒಳಗೆ ಉಜ್ಜುತ್ತಿರಬಹುದು, ಬೆಂಡಿಕ್ಸ್ ರಿಂಗಿನಲ್ಲಿ ಸಿಕ್ಕಿಕೊಂಡಿರಬಹುದು. ಲೈಟ್ ಪೂರ್ತಿ ಆರಿ ಮತ್ತೆ ಹೊತ್ತಿದರೆ ಬ್ಯಾಟರಿ ಟರ್ಮಿನಲ್ ಸಡಿಲ. ಲೈಟ್ ಸ್ವಲ್ಪವೂ ಕದಲದಿದ್ದರೆ ಮೋಟರಿಗೆ ಕರೆಂಟ್ ತಲುಪುತ್ತಲೇ ಇಲ್ಲ. ನಿಮ್ಮದು ಈ ಮೂರನೆಯ ಬಗೆ. ರಿಂಗಿನ ಹಲ್ಲು ಹೋಗಿದ್ದರೆ ಕರಕರ ಸದ್ದು ಬರುತ್ತಿತ್ತು ಅಥವಾ ಮೋಟರ್ ಬರೀ ‘ಝುಂಯ್’ ಎಂದು ತಿರುಗಿ ಎಂಜಿನ್ ಕದಲುತ್ತಿರಲಿಲ್ಲ. ಹಲ್ಲಿಗೆ ಹಲ್ಲು ಸಿಕ್ಕಿಕೊಂಡಿದ್ದರೆ ಲೈಟ್ ಮಂಕಾಗುತ್ತಿತ್ತು. ರಿಂಗ್ ಸವೆದ ಗಾಡಿ ಬಿಸಿ ತಣ್ಣನೆಯ ಲೆಕ್ಕವನ್ನೂ ನೋಡುವುದಿಲ್ಲ. ನಾಲ್ಕು ಸಿಲಿಂಡರಿನ ಎಂಜಿನ್ ಕಂಪ್ರೆಷನ್ ಕಾರಣದಿಂದ ಹೆಚ್ಚಾಗಿ ಎರಡೇ ಜಾಗಗಳಲ್ಲಿ ನಿಲ್ಲುತ್ತದೆ, ರಿಂಗ್ ಸವೆಯುವುದೂ ಅಲ್ಲೇ. ಬೆಳಿಗ್ಗೆಯೋ ಸಂಜೆಯೋ ಆ ಜಾಗಕ್ಕೆ ಬಂದು ನಿಂತಾಗಲೆಲ್ಲ ತೊಂದರೆ ಕೊಡುತ್ತದೆ.

ಈಗ ಬಣ್ಣದ ವಿಷಯ. ಜೀಪಿನ ಎಂಜಿನ್ ರಬ್ಬರ್ ಮೌಂಟಿಂಗ್‌ಗಳ ಮೇಲೆ ಕೂತಿರುತ್ತದೆ. ಅಂದರೆ ವಿದ್ಯುತ್ತಿನ ದೃಷ್ಟಿಯಿಂದ ಅದು ಚಾಸಿಯಿಂದ ಬೇರೆಯಾಗಿಯೇ ಇದೆ. ಬ್ಯಾಟರಿಯ ನೆಗೆಟಿವ್ ಕೇಬಲ್ ಚಾಸಿಗೆ ಬಂದಿದ್ದರೆ, ಚಾಸಿಯಿಂದ ಎಂಜಿನ್‌ಗೆ ಹೋಗುವ ಹೆಣೆದ ತಾಮ್ರದ ಪಟ್ಟಿಯೊಂದೇ ಸೆಲ್ಫ್‌ನ ನೂರಾರು ಆಂಪಿಯರ್ ವಾಪಸಾಗುವ ಸರಿಯಾದ ದಾರಿ. ಟಿಂಕರಿಂಗ್ ಮಾಡುವವರು ಆ ಬೋಲ್ಟ್ ಬಿಚ್ಚಿ, ಚಾಸಿಗೆ ಪ್ರೈಮರ್ ಮತ್ತು ಬಣ್ಣ ಹೊಡೆದು, ಪಟ್ಟಿಯ ತುದಿಯ ಲೋಹದ ಕಿವಿಯಾದ ಲಗ್ಗನ್ನು ಬಣ್ಣದ ಮೇಲೆಯೇ ಕೂರಿಸಿ ಬಿಗಿಯುವುದು ತೀರಾ ಸಾಮಾನ್ಯ. ಕೆಲವು ಸಲ ಪಟ್ಟಿಯನ್ನು ಮತ್ತೆ ಹಾಕುವುದನ್ನೇ ಮರೆಯುತ್ತಾರೆ. ಬೋಲ್ಟಿನ ತಿರುಪುಗಳ ಮೂಲಕ ಅಷ್ಟಿಷ್ಟು ಸಂಪರ್ಕ ಇರುವುದರಿಂದ ಮೊದಲ ಕೆಲವು ತಿಂಗಳು ಏನೂ ಗೊತ್ತಾಗುವುದಿಲ್ಲ. ಅಲ್ಲಿ ತುಕ್ಕು ಬೆಳೆದಂತೆ, ಎಂಜಿನ್ ಅಲುಗಾಡಿ ಲಗ್ ಸಡಿಲವಾದಂತೆ ಕಾಟ ಶುರುವಾಗುತ್ತದೆ. ಹೆಡ್‌ಲೈಟಿನ ಅರ್ಥ್ ಚಾಸಿಯಲ್ಲೇ ಇರುವುದರಿಂದ ಅದಕ್ಕೆ ಈ ತೊಂದರೆ ತಟ್ಟುವುದಿಲ್ಲ, ಆದ್ದರಿಂದ ನಿಮ್ಮ ಲೈಟ್ ಮಂಕಾಗಲಿಲ್ಲ.

ಹಾಗಾದರೆ ಸೆಲ್ಫ್ ಹೊಡೆದಾಗಲೆಲ್ಲ ಕರೆಂಟ್ ಎಲ್ಲಿ ವಾಪಸಾಗುತ್ತಿತ್ತು? ಎಂಜಿನ್ನಿಗೂ ಬಾಡಿಗೂ ನಡುವೆ ಲೋಹದ ಸಂಬಂಧ ಇರುವ ಯಾವುದರ ಮೂಲಕವಾದರೂ ಅದು ನುಗ್ಗುತ್ತದೆ: ಆಕ್ಸಿಲರೇಟರ್ ಕೊಂಡಿ, ಸ್ಪೀಡೋಮೀಟರ್ ಕೇಬಲ್, ಸ್ಟಾಪ್ ಕೇಬಲ್. ನಿಮ್ಮ ಸ್ಟಾಪ್ ಕೇಬಲ್‌ನ ಹೊದಿಕೆ ಕರಗಿರುವುದು ಸೈಲೆನ್ಸರಿನ ಪೈಪಿಗೆ ತಾಗುವ ಜಾಗದಲ್ಲಾದರೆ ಅದು ಬರೀ ಕಾವಿನ ಕೆಲಸ. ಪೈಪಿನಿಂದ ದೂರವಿರುವ ಕಡೆ, ಅದರಲ್ಲೂ ಡ್ಯಾಶ್‌ಬೋರ್ಡಿನ ಹತ್ತಿರ ಕರಗಿದ್ದರೆ ಸೆಲ್ಫ್‌ನ ಕರೆಂಟ್ ಆ ತೆಳ್ಳನೆಯ ಉಕ್ಕಿನ ತಂತಿಯಲ್ಲಿ ಹರಿದಿದೆ ಎಂದೇ ತಿಳಿಯಿರಿ. ಕೇಬಲ್ ಖಂಡಿತ ಬದಲಿಸಿ, ಆದರೆ ಅರ್ಥ್ ಸರಿಪಡಿಸಿದ ಮೇಲೆ. ಇಲ್ಲದಿದ್ದರೆ ಹೊಸದೂ ಕರಗುತ್ತದೆ. ಇದು ಖರ್ಚಿನ ಪ್ರಶ್ನೆ ಮಾತ್ರವಲ್ಲ. ಡೀಸೆಲ್ ಪೈಪುಗಳ ಪಕ್ಕದಲ್ಲಿ ಕೆಂಪಗೆ ಕಾಯುವ ತಂತಿ ಬೆಂಕಿಯ ಅಪಾಯ ತರುತ್ತದೆ, ಆದ್ದರಿಂದ ಈ ಭಾಗವನ್ನು ಮುಂದಿನ ಮಂಡಿ ದಿನದವರೆಗೆ ಮುಂದೂಡಬೇಡಿ.

ಅರ್ಥ್ ಒಂದೇ ಕಾರಣವಾಗಿದ್ದರೆ ಸೆಲ್ಫ್‌ಗೆ ಸ್ಪ್ಯಾನರಿನ ಏಟು ಏಕೆ ಫಲ ಕೊಡುತ್ತದೆ ಎಂದು ನೀವು ಕೇಳಬಹುದು. ಏಟಿಗೆ ಎಚ್ಚರಗೊಳ್ಳುವ ಸೆಲ್ಫ್‌ನ ಒಳಗೂ ದೋಷ ಇರುತ್ತದೆ. ಸಿಕ್ಕಿಕೊಂಡ ಬ್ರಷ್ ಜಾರಿ ತಾಗುತ್ತದೆ, ಇಲ್ಲವೇ ಸುಟ್ಟ ಕಾಂಟ್ಯಾಕ್ಟ್ ಬಿಲ್ಲೆ ಒಂದಿಷ್ಟು ಹೊರಳಿ ಹೊಸ ಜಾಗ ಸಿಗುತ್ತದೆ. ನನ್ನ ಅಂದಾಜಿನಲ್ಲಿ ನಿಮ್ಮ ಗಾಡಿಯಲ್ಲಿ ದೋಷ ಎರಡಿವೆ, ಮೊದಲನೆಯದು ಎರಡನೆಯದಕ್ಕೆ ಕಾರಣ. ವಾಪಸಾಗುವ ದಾರಿ ಇಕ್ಕಟ್ಟಾದಾಗ ಮೋಟರಿಗೂ ಸೊಲೆನಾಯ್ಡಿಗೂ ಸಿಗುವ ವೋಲ್ಟೇಜ್ ಇಳಿಯುತ್ತದೆ. ಬಿಲ್ಲೆ ಬಿಗಿಯಾಗಿ ಒತ್ತಿಕೊಳ್ಳದೆ ಅದುರುತ್ತದೆ. ಅದುರಿದಷ್ಟೂ ಕಿಡಿ ಹಾರಿ ತಾಮ್ರ ಸುಟ್ಟು ಗುಳಿ ಬೀಳುತ್ತದೆ. ಗುಳಿ ಬಿದ್ದಷ್ಟೂ ‘ಟಕ್’ ಎಂದು ಸುಮ್ಮನಾಗುವುದು ಹೆಚ್ಚುತ್ತದೆ. ನೀವು ಬ್ರಷ್ ಹಾಕಿಸಿದಾಗ ಸೊಲೆನಾಯ್ಡ್ ಮುಚ್ಚಳ ತೆಗೆದಿರಲಾರರು. ಬ್ರಷ್ ಹಾಕಿದವರು ಅದು ಹೋಲ್ಡರ್‌ನಲ್ಲಿ ಸಲೀಸಾಗಿ ಜಾರುತ್ತದೆಯೇ, ಸ್ಪ್ರಿಂಗಿಗೆ ಒತ್ತಡ ಇದೆಯೇ ಎಂದು ನೋಡಿದರೇ ಎಂಬುದನ್ನೂ ಕೇಳಬೇಕು. ಬೇರೆ ಗಾಡಿಯ ಬ್ರಷ್ ಅನ್ನು ಉಜ್ಜಿ ಸಣ್ಣದು ಮಾಡಿ ತೂರಿಸುವ ರೂಢಿ ನಮ್ಮ ಕಡೆ ಇದೆ. ಅಂಥದ್ದು ಕಾರ್ಬನ್ ಪುಡಿ ತುಂಬಿದ ಕೂಡಲೇ ಸಿಕ್ಕಿಕೊಳ್ಳುತ್ತದೆ.

ಬಿಸಿಗೂ ಇದಕ್ಕೂ ಇರುವ ನಂಟು ಸರಳ. ತಾಮ್ರದ ತಂತಿಯ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.39 ಶೇಕಡಾ ಏರುತ್ತದೆ. ಎಂಜಿನ್ ನಿಲ್ಲಿಸಿದ ಮೇಲೆ ಗಾಳಿಯ ಓಡಾಟವಿಲ್ಲದೆ ಕಾವೆಲ್ಲ ಪಕ್ಕದಲ್ಲಿರುವ ಸೆಲ್ಫ್‌ಗೆ ಇಳಿಯುತ್ತದೆ. 20 ಡಿಗ್ರಿಯಲ್ಲಿದ್ದ ಸೊಲೆನಾಯ್ಡ್ ಕಾಯಿಲ್ 80 ಡಿಗ್ರಿಗೆ ಏರಿದರೆ ಅದರ ರೋಧ ಕಾಲು ಭಾಗದ ಹತ್ತಿರ ಹೆಚ್ಚುತ್ತದೆ, ಸೆಳೆಯುವ ಕರೆಂಟ್ ಐದರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ಆರೋಗ್ಯವಂತ ಗಾಡಿ ಇದನ್ನು ಲೆಕ್ಕಕ್ಕೇ ಇಡುವುದಿಲ್ಲ. ಮೊದಲೇ ವೋಲ್ಟೇಜ್ ಕಡಿಮೆ ಇರುವ ಗಾಡಿ ಅಲ್ಲಿ ಸೋಲುತ್ತದೆ. ಚಿತ್ರದುರ್ಗದ ಏಪ್ರಿಲ್ ಬಿಸಿಲಿನಲ್ಲಿ ಮಂಡಿಯ ಮುಂದೆ ಕಾಲು ಗಂಟೆ ನಿಲ್ಲಿಸುವುದು ಅದಕ್ಕೆ ಒಡ್ಡಬಹುದಾದ ಅತಿ ಕಠಿಣ ಪರೀಕ್ಷೆ.

ಅಳತೆಗೆ ಬೇಕಾಗುವುದು ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಮತ್ತು ಕೀಲಿ ತಿರುಗಿಸಲು ಇನ್ನೊಬ್ಬರು. ಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿ ಚಕ್ರಗಳಿಗೆ ಕಲ್ಲು ಕೊಡಿ, ಎಂಜಿನ್ ಸ್ಟಾರ್ಟ್ ಆಗದಂತೆ ಸ್ಟಾಪ್ ಕೇಬಲ್ ಎಳೆದಿಡಿ. ಒಂದು ಸಲಕ್ಕೆ ಮೂರು ನಾಲ್ಕು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ, ನಡುವೆ ಒಂದು ನಿಮಿಷ ಬಿಡಿ. ಸೆಲ್ಫ್‌ಗೆ ಬರುವ ದಪ್ಪ ಕೇಬಲ್‌ನ ಬೋಲ್ಟಿನಲ್ಲಿ ಸದಾ ಕರೆಂಟ್ ಇರುತ್ತದೆ, ಆದ್ದರಿಂದ ಕೈಯಲ್ಲಿ ಉಂಗುರ, ಲೋಹದ ಗಡಿಯಾರ ಬೇಡ.

ಮೊದಲು ಅರ್ಥ್. ಮೀಟರಿನ ಒಂದು ಸೂಜಿಯನ್ನು ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆಯೇ ಒತ್ತಿ ಹಿಡಿಯಿರಿ, ಕ್ಲಾಂಪಿನ ಮೇಲಲ್ಲ. ಇನ್ನೊಂದನ್ನು ಸೆಲ್ಫ್ ಮೋಟರಿನ ಬಣ್ಣವಿಲ್ಲದ ಮೈಗೆ ಒತ್ತಿ. ಸೆಲ್ಫ್ ಹೊಡೆಯುವಾಗ 0.3 ವೋಲ್ಟಿನೊಳಗೆ ಇರಬೇಕು. ಒಂದು ವೋಲ್ಟ್ ದಾಟಿದರೆ ಕಳ್ಳ ಸಿಕ್ಕಂತೆಯೇ. ಆಗ ಎರಡನೇ ಸೂಜಿಯನ್ನು ಮೊದಲು ಚಾಸಿಯ ಬೋಲ್ಟಿಗೆ, ಆಮೇಲೆ ಪಟ್ಟಿಯ ಲಗ್ಗಿಗೆ, ಆಮೇಲೆ ಎಂಜಿನ್ ಬ್ಲಾಕಿಗೆ ಹೀಗೆ ಒಂದೊಂದೇ ಹೆಜ್ಜೆ ಸರಿಸುತ್ತಾ ಹೋದರೆ ಯಾವ ಜೋಡಣೆಯಲ್ಲಿ ಅಂಕಿ ಜಿಗಿಯುತ್ತದೋ ಅಲ್ಲೇ ದೋಷ. ಬಣ್ಣದ ಸಂಶಯ ನಿಜವಾಗಿದ್ದರೆ ಈ ಒಂದು ಪರೀಕ್ಷೆ ಬೆಳಗಿನ ತಂಪಿನಲ್ಲಿ, ಸೆಲ್ಫ್ ಚೆನ್ನಾಗಿ ಹೊಡೆಯುವಾಗಲೂ ಬಯಲು ಮಾಡುತ್ತದೆ. ಉಳಿದವಕ್ಕೆ ಗಾಡಿ ಕೈಕೊಡುವವರೆಗೆ ಕಾಯಬೇಕು.

ಪಾಸಿಟಿವ್ ಕಡೆಯೂ ಹೀಗೆಯೇ: ಬ್ಯಾಟರಿಯ ಪಾಸಿಟಿವ್ ಕಂಬದಿಂದ ಸೆಲ್ಫ್‌ನ ಕೇಬಲ್ ಬೋಲ್ಟಿನವರೆಗೆ 0.5 ವೋಲ್ಟಿನೊಳಗೆ ಇರಬೇಕು.

ಇನ್ನು ‘ಟಕ್’ ಎಂದು ಸುಮ್ಮನಾಗುವ ಗಳಿಗೆಗೆ ಸಿದ್ಧತೆ. ಜೀಪಿನ ಕೆಳಗೆ ಬಿಸಿ ಪೈಪಿನ ಪಕ್ಕ ಕೈ ತೂರಿಸಿಕೊಂಡು ಆ ಹೊತ್ತಿನಲ್ಲಿ ಅಳೆಯುವುದು ಆಗದ ಮಾತು. ಅದಕ್ಕಾಗಿ ಸೊಲೆನಾಯ್ಡಿನ ಸಣ್ಣ ವೈರಿನ ಪಿನ್ನಿಗೆ ಒಂದು, ಸೊಲೆನಾಯ್ಡಿನಿಂದ ಮೋಟರಿನೊಳಕ್ಕೆ ಹೋಗುವ ಎರಡನೇ ದಪ್ಪ ಬೋಲ್ಟಿಗೆ ಇನ್ನೊಂದು, ಸೆಲ್ಫ್‌ನ ಮೈಗೆ ಮತ್ತೊಂದು, ಹೀಗೆ ಬೇರೆ ಬೇರೆ ಬಣ್ಣದ ಮೂರು ತೆಳು ವೈರುಗಳನ್ನು ಜೋಡಿಸಿ, ಮೊದಲೆರಡಕ್ಕೆ ಬುಡದಲ್ಲೇ ಸಣ್ಣ ಫ್ಯೂಸ್ ಹಾಕಿ, ಬಾನೆಟ್ ಕೆಳಗೆ ಕೈಗೆಟಕುವಲ್ಲಿ ತುದಿಗಳಿಗೆ ಟೇಪ್ ಸುತ್ತಿ ಇಡಿ. ಪೈಪಿಗೂ ಬೆಲ್ಟಿಗೂ ತಾಗದಂತೆ ಕಟ್ಟಬೇಕು. ಯಾವ ಆಟೊ ಎಲೆಕ್ಟ್ರಿಷಿಯನ್ ಆದರೂ ಅರ್ಧ ಗಂಟೆಯಲ್ಲಿ ಮಾಡಿಕೊಡುವ ಕೆಲಸ ಇದು. ಮಂಡಿಯ ಮುಂದೆ ಗಾಡಿ ಕೈಕೊಟ್ಟಾಗ ಸ್ಪ್ಯಾನರ್ ಎತ್ತುವ ಮೊದಲು ಕೀಲಿಯನ್ನು ತಿರುಗಿಸಿ ಹಿಡಿಸಿ, ಮೈಯ ವೈರಿಗೂ ಉಳಿದೆರಡಕ್ಕೂ ನಡುವೆ ಅಳೆಯಿರಿ.

ಸಣ್ಣ ವೈರಿನಲ್ಲಿ 10 ವೋಲ್ಟಿಗಿಂತ ಕಡಿಮೆ ಬಂದರೆ ಇಗ್ನಿಷನ್ ಸ್ವಿಚ್ ಅಥವಾ ಅದರ ದಾರಿಯ ಜೋಡಣೆ ಸೊರಗಿದೆ. ಸಣ್ಣ ವೈರಿನಲ್ಲಿ 11ರಿಂದ 12 ಇದ್ದು, ‘ಟಕ್’ ಸದ್ದೂ ಬಂದು, ಮೋಟರಿನ ಬೋಲ್ಟಿನಲ್ಲಿ ಒಂದು ವೋಲ್ಟ್ ಕೂಡ ಬಾರದಿದ್ದರೆ ಸೊಲೆನಾಯ್ಡಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿದೆ. ಮೋಟರಿನ ಬೋಲ್ಟಿನಲ್ಲೂ 11, 12 ಕಂಡು ಮೋಟರ್ ಮಾತ್ರ ಅಲುಗದಿದ್ದರೆ ದೋಷ ಬ್ರಷ್ ಅಥವಾ ಆರ್ಮೇಚರಿನಲ್ಲಿ, ಆಗ ‘ಟಕ್’ ಸದ್ದು ಬಾರದೆಯೂ ಇರಬಹುದು. ಎರಡು ವೈರಿನ ಅಂಕಿಯೂ ತೀರಾ ಕಡಿಮೆ ಇದ್ದು, ಬ್ಯಾಟರಿಯ ಎರಡು ಕಂಬಗಳ ನಡುವೆ ಅದೇ ಗಳಿಗೆಯಲ್ಲಿ 12ರ ಆಸುಪಾಸು ಇದ್ದರೆ ಮತ್ತೆ ಅರ್ಥ್ ಕಡೆಗೇ ಹೋಗಿ. ಅಂಕಿಗಳನ್ನು ಅಲ್ಲೇ ಬರೆದಿಟ್ಟುಕೊಳ್ಳಿ. ಮೆಕ್ಯಾನಿಕ್ ಮುಂದೆ ಆ ಚೀಟಿ ಇಟ್ಟರೆ ಚರ್ಚೆ ಅಲ್ಲಿಗೇ ಮುಗಿಯುತ್ತದೆ.

ಬ್ಯಾಟರಿಯನ್ನು ಒಮ್ಮೆ ನೋಡಿ ಬಿಟ್ಟುಬಿಡಬಹುದು. ರಾತ್ರಿ ನಿಂತ ಗಾಡಿಯಲ್ಲಿ ಬೆಳಿಗ್ಗೆ 12.6 ವೋಲ್ಟ್, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಮೇಲೆ, ಎಂಜಿನ್ ಓಡುವಾಗ 13.8ರಿಂದ 14.4 ಇದ್ದರೆ ಬ್ಯಾಟರಿ ಮತ್ತು ಆಲ್ಟರ್ನೇಟರ್ ಎರಡೂ ಸರಿ. ಇವು ಸರಿ ಇದ್ದಾಗ ಟ್ರ್ಯಾಕ್ಟರ್ ಬ್ಯಾಟರಿ ಹಾಕುವುದರಿಂದ ಇಕ್ಕಟ್ಟಾದ ದಾರಿ ಅಗಲವಾಗುವುದಿಲ್ಲ. ಟ್ರೇಗೆ ಸರಿಯಾಗಿ ಕೂರದ ಭಾರದ ಬ್ಯಾಟರಿ ತೋಟದ ದಾರಿಯಲ್ಲಿ ಕುಲುಕಿ ಹೊಸ ತೊಂದರೆ ತರುತ್ತದೆ.

ಚಿಕಿತ್ಸೆಯನ್ನು ಅಗ್ಗದ್ದರಿಂದ ಶುರು ಮಾಡಿ. ಅರ್ಥ್ ಬೋಲ್ಟುಗಳ ಜಾಗದಲ್ಲಿ ಬಣ್ಣವನ್ನು ಲೋಹ ಹೊಳೆಯುವವರೆಗೆ ಉಜ್ಜಿಸಿ, ನಕ್ಷತ್ರದ ವಾಷರ್ ಹಾಕಿ ಬಿಗಿಸಿ, ಬಿಗಿದ ಮೇಲೆ ಮೇಲ್ಗಡೆ ಗ್ರೀಸ್ ಅಥವಾ ಪೆಟ್ರೋಲಿಯಂ ಜೆಲ್ಲಿ ಸವರಿಸಿ. ಬಿಗಿಯುವ ಮೊದಲೇ ಮೆತ್ತುವುದು ಬೇಡ. ಇದರ ಜೊತೆಗೆ ಬ್ಯಾಟರಿ ನೆಗೆಟಿವ್‌ನಿಂದ ನೇರವಾಗಿ ಸೆಲ್ಫ್ ಬಿಗಿದಿರುವ ಬೋಲ್ಟಿಗೇ ಇನ್ನೊಂದು ದಪ್ಪ ಕೇಬಲ್ ಎಳೆಸಿ. ಹಳೆಯ ಜೀಪುಗಳಿಗೆ ನಾನು ಇದನ್ನು ತಪ್ಪದೆ ಮಾಡಿಸುತ್ತೇನೆ. 35ರಿಂದ 50 ಚದರ ಮಿಲಿಮೀಟರಿನ ತಾಮ್ರದ ವೆಲ್ಡಿಂಗ್ ಕೇಬಲ್ ಚೆನ್ನಾಗಿ ಒದಗುತ್ತದೆ. ಅಂಗಡಿಯಲ್ಲಿ ಕೇಬಲ್‌ನ ತುದಿ ಸುಲಿದು ನೋಡಿಯೇ ಕೊಳ್ಳಿ. ಅಲ್ಯುಮಿನಿಯಂ ಎಳೆಗಳ ಅಗ್ಗದ ವೆಲ್ಡಿಂಗ್ ಕೇಬಲ್ ಹೊರಗಿನಿಂದ ಹಾಗೆಯೇ ಕಾಣುತ್ತದೆ, ಅದು ಬೇಡ. ಲಗ್ಗನ್ನು ಸುತ್ತಿಗೆಯಿಂದ ಚಪ್ಪಟೆ ಮಾಡದೆ ಕ್ರಿಂಪಿಂಗ್ ಯಂತ್ರದಲ್ಲಿ ಒತ್ತಿಸಬೇಕು.

ಸಣ್ಣ ವೈರಿನಲ್ಲಿ ವೋಲ್ಟೇಜ್ ಕಡಿಮೆ ಎಂದು ಕಂಡುಬಂದರೆ ಮಾತ್ರ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಬಿಡುವ ಸ್ವಿಚ್) ಹಾಕಿಸಿ. ಸೆಳೆಯುವ ಕಾಯಿಲ್ ಕ್ಷಣಕಾಲ 30 ಆಂಪಿಯರ್ ಮೀರಿ ಎಳೆಯಬಹುದು. ಮೂವತ್ತು ವರ್ಷದ ಕೀಲಿ ಸ್ವಿಚ್ಚಿಗೆ ಅದು ಭಾರ. 40 ಆಂಪಿಯರಿನ ರಿಲೇ ಹಾಕಿದರೆ ಸ್ವಿಚ್ಚಿನ ಮೂಲಕ ಹೋಗುವುದು ರಿಲೇ ಎಚ್ಚರಿಸುವ ಅಲ್ಪ ಕರೆಂಟ್ ಮಾತ್ರ. ಇದರ ಅಪಾಯವನ್ನೂ ತಿಳಿದಿರಿ. ಕಳಪೆ ರಿಲೇಯ ಕಾಂಟ್ಯಾಕ್ಟ್ ಅಂಟಿಕೊಂಡರೆ ಕೀಲಿ ತೆಗೆದರೂ ಸೆಲ್ಫ್ ಹೊಡೆಯುತ್ತಲೇ ಇರುತ್ತದೆ, ಮೋಟರ್ ಸುಟ್ಟುಹೋಗುತ್ತದೆ. ಆದ್ದರಿಂದ ಒಳ್ಳೆಯ ರಿಲೇ, ಫ್ಯೂಸ್, ಜೊತೆಗೆ ಬ್ಯಾಟರಿಗೆ ಕೈಯಿಂದ ತಿರುಗಿಸುವ ಕಟ್‌ಆಫ್ ಸ್ವಿಚ್ ಮೂರೂ ಇರಲಿ. ಹಳ್ಳ ದಾಟಿಸುವ ಗಾಡಿಯಾದ್ದರಿಂದ ರಿಲೇಯನ್ನು ಎತ್ತರದಲ್ಲಿ, ಪಿನ್ನುಗಳು ಕೆಳಮುಖವಾಗಿರುವಂತೆ ಕೂರಿಸಬೇಕು.

ಸೊಲೆನಾಯ್ಡಿನ ಕಾಂಟ್ಯಾಕ್ಟ್ ಸುಟ್ಟಿದ್ದರೆ ಕೆಲವರು ಬೋಲ್ಟುಗಳನ್ನು ಅರ್ಧ ಸುತ್ತು ತಿರುಗಿಸಿ, ಬಿಲ್ಲೆಯನ್ನು ಮಗುಚಿ ಹಾಕಿ ಹೊಸ ಮುಖ ಕೊಡುತ್ತಾರೆ. ಕೆಲಸ ಸರಿಯಾಗಿ ಮಾಡಿದರೆ ಅದು ಒಳ್ಳೆಯ ರಿಪೇರಿಯೇ. ಆದರೆ ಬೆಸುಗೆ ಬಿಚ್ಚುವಾಗ ಒಳಗಿನ ಕಾಯಿಲಿನ ತುದಿ ತುಂಡಾಗುವುದುಂಟು. ಹೊಸ ಸೊಲೆನಾಯ್ಡ್ ಸಿಗುವುದಾದರೆ ನಾನು ಅದನ್ನೇ ಹಾಕುತ್ತೇನೆ. ಸೆಲ್ಫ್ ಇಳಿಸಿದ ಮೇಲೆ ಬುಷ್‌ಗಳನ್ನೂ ನೋಡಿಸಿ. ಆರ್ಮೇಚರಿನ ತುದಿ ಹಿಡಿದು ಅಲುಗಾಡಿಸಿದಾಗ ಕೈಗೆ ಆಟ ಸಿಕ್ಕರೆ, ಅಥವಾ ಆರ್ಮೇಚರಿನ ಮೈಮೇಲೆ ಉಜ್ಜಿದ ಹೊಳಪು ಗೆರೆಗಳಿದ್ದರೆ ಬುಷ್ ಬದಲಿಸಲೇಬೇಕು. ಸೆಲ್ಫ್ ಇಳಿದಿರುವಾಗ ಟಾರ್ಚ್ ಹಿಡಿದು ಆ ರಂಧ್ರದ ಮೂಲಕ ಒಬ್ಬರು ಎಂಜಿನ್ ತಿರುಗಿಸುತ್ತಿದ್ದಂತೆ ರಿಂಗಿನ ಹಲ್ಲುಗಳನ್ನು ಸುತ್ತಲೂ ನೋಡಬಹುದು. ರಿಂಗಿನ ವಾದ ಗೇರ್‌ಬಾಕ್ಸ್ ಇಳಿಸದೆಯೇ ಅಲ್ಲಿ ತೀರ್ಮಾನವಾಗುತ್ತದೆ. ಹಲ್ಲು ನಿಜಕ್ಕೂ ಹೋಗಿದ್ದರೂ ಸೆಲ್ಫ್ ಸರಿಯಿದ್ದರೆ ಮುಂದಿನ ಕ್ಲಚ್ ಪ್ಲೇಟ್ ಬದಲಿಸುವವರೆಗೆ ಕಾಯಿರಿ. ಫೋರ್ ವೀಲ್ ಗಾಡಿಯಲ್ಲಿ ಗೇರ್‌ಬಾಕ್ಸ್ ಜೊತೆ ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ), ಎರಡು ಪ್ರೊಪೆಲ್ಲರ್ ಶಾಫ್ಟ್ ಎಲ್ಲ ಬಿಚ್ಚಬೇಕಾಗುವುದರಿಂದ ಕೂಲಿಯೇ ದೊಡ್ಡದು.

ಹೊಸ ಮಾದರಿಯ ಸೆಲ್ಫ್ ಎಂದು ಅವರು ಹೇಳಿದ್ದು ಒಳಗೆ ಗೇರ್ ಇರುವ ಹಗುರ ಮೋಟರ್ ಇರಬೇಕು. ವಸ್ತು ಒಳ್ಳೆಯದೇ, ಕಡಿಮೆ ಕರೆಂಟಿನಲ್ಲಿ ಎಂಜಿನ್ನನ್ನು ವೇಗವಾಗಿ ತಿರುಗಿಸುತ್ತದೆ. ನನ್ನ ಹಿಂಜರಿಕೆ ಇಷ್ಟೇ: ಅರ್ಥ್ ಕೆಟ್ಟ ಗಾಡಿಗೆ ಅದನ್ನು ಹಾಕಿದರೆ ಕಡಿಮೆ ಕರೆಂಟಿನ ಕಾರಣಕ್ಕೆ ಕೆಲವು ಕಾಲ ಎಲ್ಲ ಸರಿಹೋದಂತೆ ಕಂಡು, ದೋಷ ಒಳಗೇ ಉಳಿಯುತ್ತದೆ, ಕೇಬಲ್ ಕರಗುವುದು ಮುಂದುವರಿಯುತ್ತದೆ. ಹಾಕಿಸುವುದೇ ಆದರೆ ಬೆಂಡಿಕ್ಸ್‌ನ ಹಲ್ಲಿನ ಸಂಖ್ಯೆ, ತಿರುಗುವ ದಿಕ್ಕು, ರಿಂಗಿಗೆ ಕೂರುವ ಆಳ ಮೂರೂ ಹಳೆಯದಕ್ಕೆ ಸರಿಹೊಂದುತ್ತವೆಯೇ ಎಂದು ಪಕ್ಕಪಕ್ಕ ಇಟ್ಟು ನೋಡಿ. ಅಡಾಪ್ಟರ್ ಪ್ಲೇಟ್ ಇಟ್ಟು ಅಂದಾಜಿನಲ್ಲಿ ಕೂರಿಸಿದ ಮೋಟರ್ ಒಳ್ಳೆಯ ರಿಂಗನ್ನೂ ತಿಂದುಹಾಕುತ್ತದೆ.

ಫೋರ್ ವೀಲ್ ಲಿವರ್ ಬಗ್ಗೆ ಚಿಂತೆ ಬೇಡ. ಮೇನ್ ಗೇರ್ ನ್ಯೂಟ್ರಲ್‌ನಲ್ಲಿದ್ದರೆ ಟ್ರಾನ್ಸ್‌ಫರ್ ಕೇಸ್ ಯಾವ ಸ್ಥಾನದಲ್ಲಿದ್ದರೂ ಸೆಲ್ಫ್ ಅದನ್ನು ತಿರುಗಿಸುವುದಿಲ್ಲ. ಕ್ಲಚ್ ಒತ್ತಿ ಸ್ಟಾರ್ಟ್ ಮಾಡುವ ಅಭ್ಯಾಸ ಒಳ್ಳೆಯದು, ಗೇರ್‌ಬಾಕ್ಸಿನ ಗಟ್ಟಿ ಎಣ್ಣೆಯ ಎಳೆತ ತಪ್ಪುತ್ತದೆ. ಏರಿನಲ್ಲಿ ಎಂಜಿನ್ ಆಫ್ ಆದಾಗ ಲೋ ಗೇರ್‌ನಲ್ಲಿಟ್ಟು ಕ್ಲಚ್ ಒತ್ತದೆ ಸೆಲ್ಫ್‌ನಿಂದಲೇ ಗಾಡಿ ಹತ್ತಿಸುವ ಚಾಳಿ ಇದ್ದರೆ ಮಾತ್ರ ಬಿಡಿ. ಸೆಲ್ಫ್‌ಗೆ ಅದಕ್ಕಿಂತ ದೊಡ್ಡ ಹಿಂಸೆ ಇನ್ನೊಂದಿಲ್ಲ.

ರಿಪೇರಿ ಆಗುವವರೆಗೆ ಏನು ಮಾಡುವುದು? ಇಳಿಜಾರಿನಲ್ಲಿ ನಿಲ್ಲಿಸಿ ತಳ್ಳಿ ಸ್ಟಾರ್ಟ್ ಮಾಡುವುದಾದರೆ ಲಿವರ್ ಟೂ ವೀಲ್‌ನಲ್ಲಿರಲಿ, ಎರಡನೇ ಅಥವಾ ಮೂರನೇ ಗೇರ್ ಸಾಕು. ಸರ್ವೋ ಬ್ರೇಕ್ ಇರುವ ಗಾಡಿಯಾದರೆ ಎಂಜಿನ್ ಓಡದಿರುವಾಗ ಬ್ರೇಕ್ ಕಲ್ಲಿನಂತೆ ಗಟ್ಟಿಯಾಗಿರುತ್ತದೆ ಎಂಬುದು ನೆನಪಿರಲಿ, ಮುಂದೆ ಜನ ನಿಂತಿರಬಾರದು. ಸ್ಪ್ಯಾನರಿನ ಮೆಲ್ಲನೆಯ ಏಟು ಒಂದೆರಡು ಸಲಕ್ಕೆ ಪರವಾಗಿಲ್ಲ. ಜೋರಾಗಿ ಹೊಡೆದರೆ ಒಳಗಿನ ಬ್ರಷ್ ಹೋಲ್ಡರ್ ಮುರಿಯುತ್ತದೆ. ಆದರೆ ಸ್ಕ್ರೂಡ್ರೈವರ್ ಇಟ್ಟು ಸೊಲೆನಾಯ್ಡಿನ ಬೋಲ್ಟುಗಳನ್ನು ಜೋಡಿಸುವುದನ್ನು ನಿಮ್ಮ ಮನೆಯಲ್ಲಿ ಯಾರಿಗೂ ಕಲಿಸಬೇಡಿ. ಗೇರ್‌ನಲ್ಲಿ ನಿಂತ ಗಾಡಿ ಚಕ್ರದ ಪಕ್ಕ ಬಗ್ಗಿದವರ ಮೇಲೆಯೇ ನುಗ್ಗುತ್ತದೆ. ಎಳೆಯುವ ಸ್ಟಾಪ್ ಕೇಬಲ್ಲಿನ ಹಳೆಯ ಡೀಸೆಲ್ ಎಂಜಿನ್ ಕೀಲಿ ಇಲ್ಲದೆಯೂ ಸ್ಟಾರ್ಟ್ ಆಗಿಬಿಡಬಹುದು.

ಈ ವಾರ ಬೆಳಗಿನ ಹೊತ್ತಿನಲ್ಲಿ ಆ ಒಂದು ಅರ್ಥ್ ಪರೀಕ್ಷೆ ಮಾಡಿ. ಅಂಕಿ 0.3ಕ್ಕಿಂತ ಹೆಚ್ಚಿದ್ದರೆ ಬಣ್ಣ ಕೆರೆಸಿ, ಹೊಸ ಕೇಬಲ್ ಎಳೆಸಿ, ಮತ್ತೆ ಅಳೆದು, ಮಂಡಿಗೆ ಹೋಗಿಬನ್ನಿ. ಅರ್ಥ್ ಸರಿಹೋದ ಮೇಲೂ ಬಿಸಿಯಲ್ಲಿ ‘ಟಕ್’ ಎಂದರೆ ಸೊಲೆನಾಯ್ಡ್ ಮುಚ್ಚಳ ತೆಗೆಸುವ ಸರದಿ. ಮೊದಲ ಅಳತೆಯಲ್ಲೇ ಅರ್ಥ್ ಸರಿಯಿದೆ ಎಂದು ಬಂದರೆ, ಮೂರು ವೈರುಗಳ ಅಂಕಿಗಳನ್ನು ಬರೆದು ಕಳಿಸಿ. ಅದರ ಮೇಲೆ ಮುಂದಿನದನ್ನು ಹೇಳುತ್ತೇನೆ.